ಪಲ್ಲವಿಯ ಫಲಕದಲ್ಲಿ ಇರದಿದ್ದ ಪದ

ಕೊರೊನಾ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಮೇಲಿನ ಎರಡನೆಯ ಚಳಿಗಾಲ ಅದು. ನಾನು ಮಂಡ್ಯದ ಗುತ್ತಲಿನಲ್ಲಿರುವ ಒಂದು ಸಣ್ಣ ಮಕ್ಕಳ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ವಾರದಲ್ಲಿ ಎರಡು ದಿನ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿ, ಅಲ್ಲಿಯ ಶಾಲೆಯೊಂದು ನಮಗೆ ಬಿಟ್ಟುಕೊಟ್ಟಿದ್ದ ಖಾಲಿ ಕೊಠಡಿಯಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳನ್ನು ನೋಡುತ್ತಿದ್ದೆ. ನನ್ನ ಜೊತೆಗೆ ಮದ್ದೂರಿನಲ್ಲಿ ಬಸ್ಸು ಹತ್ತುತ್ತಿದ್ದವಳು ನಸ್ರೀನ್, ನಮ್ಮ ಕೇಂದ್ರದ ವಿಶೇಷ ಶಿಕ್ಷಕಿ.

ಸ್ಪೀಚ್ ಥೆರಪಿಸ್ಟ್ ಎಂದರೆ ಬಾಯಿಂದ ಮಾತು ಬರಿಸುವವರು ಎಂದು ಜನ ತಿಳಿಯುತ್ತಾರೆ. ಆದರೆ ಕೆಲವು ಮಕ್ಕಳಿಗೆ ನಾಲಿಗೆ, ತುಟಿ, ಉಸಿರು ಯಾವುದೂ ಹೇಳಿದಂತೆ ಕೇಳುವುದಿಲ್ಲ. ತಲೆಯೊಳಗೆ ಮಾತು ತುಂಬಿರುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಅಂಥವರಿಗೆ ಚಿತ್ರಗಳ ಫಲಕವನ್ನೋ, ಮುಟ್ಟಿದರೆ ದನಿ ಕೊಡುವ ಟ್ಯಾಬನ್ನೋ ಕೊಟ್ಟು, ತೋರಿಸಿ ಮಾತಾಡುವುದನ್ನು ಕಲಿಸುತ್ತೇವೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಎ.ಎ.ಸಿ. ಎನ್ನುತ್ತಾರೆ. ಫಲಕದಲ್ಲಿ ಯಾವ ಚಿತ್ರ ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ನಮ್ಮಂಥವರು. ಈ ಅಧಿಕಾರ ಎಷ್ಟು ದೊಡ್ಡದು ಎಂಬುದು ನನಗೆ ಆ ಚಳಿಗಾಲದವರೆಗೆ ತಿಳಿದಿರಲಿಲ್ಲ.

ಪಲ್ಲವಿಗೆ ಆಗ ಒಂಬತ್ತು ವರ್ಷ. ಮಳವಳ್ಳಿಯಿಂದ ಒಳಗೆ ಹೋಗುವ ಒಂದು ಹಳ್ಳಿಯವಳು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇತ್ತು. ಅಂದರೆ ಕೈಕಾಲುಗಳಿಗೆ ಮೆದುಳಿನಿಂದ ಹೋಗುವ ಅಪ್ಪಣೆ ದಾರಿಯಲ್ಲೇ ಕದಡಿಹೋಗುತ್ತಿತ್ತು. ಸುಮ್ಮನೆ ಕೂತಿದ್ದಾಗಲೂ ಕಾಲು ಒಮ್ಮೆಲೇ ಸೆಟೆದು ಮುಂದಕ್ಕೆ ಚಾಚಿಬಿಡುತ್ತಿತ್ತು. ಬೆರಳು ನೀಡಿ ತೋರಿಸಲು ಬರುತ್ತಿರಲಿಲ್ಲ. ಎಡಗೈ ಮುಷ್ಟಿಯನ್ನು ಫಲಕದ ಮೇಲೆ ಎಳೆದು ತಂದು ಚಿತ್ರದ ಮೇಲೆ ಊರುತ್ತಿದ್ದಳು. ಹೌದು ಎನ್ನಲು ಕಣ್ಣನ್ನು ಮೇಲಕ್ಕೆತ್ತುತ್ತಿದ್ದಳು. ಬುದ್ಧಿ ಬಲು ಚುರುಕು. ಯಾರಾದರೂ ಎಡವಿದರೆ ಮೈಯೆಲ್ಲಾ ಕುಲುಕಿ ನಗುತ್ತಿದ್ದಳು.

ಅವಳನ್ನು ಬೆಳೆಸಿದವಳು ಅಪ್ಪನ ತಾಯಿ ಕೆಂಪಮ್ಮ. ಪಲ್ಲವಿಯ ತಾಯಿ ಸವಿತ ಮದ್ದೂರಿನ ಬಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ತಂದೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಅವನು ಮನೆಗೆ ನೆಂಟನಿದ್ದ ಹಾಗೆ. ಪಲ್ಲವಿಗೆ ಮೂರು ವರ್ಷದ ಒಬ್ಬ ತಮ್ಮ ಇದ್ದ, ಚಿಂಟು. ಇಬ್ಬರು ಮಕ್ಕಳೂ ಅಜ್ಜಿಯ ಕೈಯಲ್ಲೇ ಇದ್ದರು.

ಆ ವರ್ಷ ಚಳಿ ಶುರುವಾದ ಹೊಸದರಲ್ಲಿ ಅವರ ಮನೆಯಲ್ಲಿ ಒಂದು ಅನಾಹುತ ಆಯಿತು. ಬಚ್ಚಲ ಹಂಡೆಯಿಂದ ತೋಡಿಟ್ಟಿದ್ದ ಬಿಸಿನೀರಿನ ಬಕೆಟ್ಟು ಉರುಳಿ ಚಿಂಟುವಿನ ತೊಡೆ, ಕಾಲು ಬೆಂದವು. ಮಂಡ್ಯದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮಗು ಹುಷಾರಾದ. ಚರ್ಮ ಮಾತ್ರ ಸುಕ್ಕುಗಟ್ಟಿತು. ಆಗ ಮನೆಯಲ್ಲಿದ್ದವಳು ಕೆಂಪಮ್ಮ ಒಬ್ಬಳೇ. ತಣ್ಣೀರು ತರಲು ತೊಟ್ಟಿಯ ಕಡೆ ತಿರುಗಿದ್ದೆ, ಬಕೆಟ್ಟು ಸರಿಯಾಗಿ ಇಟ್ಟಿರಲಿಲ್ಲವೇನೋ ಎಂದು ಅವಳೇ ಎದೆ ಬಡಿದುಕೊಂಡಳಂತೆ. ಆಸ್ಪತ್ರೆಯ ವರಾಂಡದಲ್ಲಿ ಸೊಸೆ ಅವಳನ್ನು ಎಲ್ಲರೆದುರಿಗೆ ಬಾಯಿಗೆ ಬಂದಂತೆ ಅಂದಳು. ಮುದುಕಿ ಮರುಮಾತಾಡದೆ, ಮದ್ದೂರಿನಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟಳು. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಸವಿತ ಕೆಲಸ ಬಿಟ್ಟಳು. ಇದನ್ನೆಲ್ಲಾ ಸವಿತಳೇ ನನಗೆ ಹೇಳಿದ್ದಳು. ಹೇಳುವಾಗ ಪಲ್ಲವಿ ಅಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಅವಳ ಮುಂದೆ ಇದನ್ನು ಹೇಳಬಾರದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮಾತಾಡದ ಮಕ್ಕಳ ಮುಂದೆ ದೊಡ್ಡವರು ಹೀಗೆಯೇ ಮಾತಾಡುತ್ತಾರೆ, ನಾನೂ ಸೇರಿ.

ಪ್ರತಿ ಚಳಿಗಾಲದಲ್ಲಿ ನಮ್ಮ ಮಕ್ಕಳಿಗೆ ಸೆನ್ಸರಿ ಚಟುವಟಿಕೆ ಮಾಡಿಸುವುದು ರೂಢಿ. ಮುಟ್ಟುವುದು, ಮೂಸುವುದು, ಕೇಳುವುದು, ಬಿಸಿ-ತಂಪು ಅರಿಯುವುದು, ಹಾಗೆ ಅರಿತದ್ದನ್ನು ಫಲಕದಲ್ಲಿ ಹೇಳುವುದು. ತರಬೇತಿಯಲ್ಲಿ ನಮಗೆ ತೋರಿಸಿದ್ದ ವಿಡಿಯೋಗಳಲ್ಲಿ ಮಕ್ಕಳು ಹಿಮದಲ್ಲಿ ಕೈಯಾಡಿಸುತ್ತಿದ್ದರು. ನಾವು ಸೊಗಡವರೆಕಾಯಿ ತಂದೆವು. ಅದರ ಜಿಡ್ಡು ಕೈಗೆ ಅಂಟಿದರೆ ದಿನವಿಡೀ ಘಮ ಹೋಗುವುದಿಲ್ಲ. ನೆನೆಸಿದ ಕಾಳನ್ನು ಹಿದುಕಿದಾಗ ಬೇಳೆ ಪುಟ್ಟನೆ ಹಾರುವುದನ್ನು ಕಂಡರೆ ಕೈ ಸ್ವಾಧೀನವಿಲ್ಲದ ಮಕ್ಕಳೂ ಕೇಕೆ ಹಾಕುತ್ತಿದ್ದರು. ಒರಟು ಕಂಬಳಿ, ಭತ್ತದ ಹುಲ್ಲು, ಆಲೆಮನೆಯಿಂದ ತಂದ ಇನ್ನೂ ಬೆಚ್ಚಗಿರುವ ಬೆಲ್ಲ, ಹುರಿದ ಕಡಲೆಕಾಯಿ, ಚಳಿಗೆ ಡಬ್ಬಿಯಲ್ಲೇ ಹೆಪ್ಪುಗಟ್ಟಿ ಅಂಗೈಯಲ್ಲಿ ಕರಗುವ ಕೊಬ್ಬರಿ ಎಣ್ಣೆ. ಫಲಕದಲ್ಲಿ ಬಿಸಿ, ತಣ್ಣಗೆ, ಮೆತ್ತಗೆ, ಒರಟು ಎಂಬ ಚಿತ್ರಗಳನ್ನು ಹೊಸದಾಗಿ ಅಂಟಿಸಿದೆವು.

ಪಲ್ಲವಿ ಆ ವರ್ಷ ಯಾವುದಕ್ಕೂ ಕೈ ಹಾಕಲಿಲ್ಲ. ಹಿಂದಿನ ವರ್ಷ ಬೆಲ್ಲದ ತಟ್ಟೆಗೆ ಮುಖವನ್ನೇ ಇಟ್ಟಿದ್ದ ಹುಡುಗಿ ತಲೆ ಬಗ್ಗಿಸಿ ಕೂತಳು. ಬಿಸಿನೀರಿನ ಟಬ್ಬು ತಂದಿಟ್ಟ ದಿನವಂತೂ ಆವಿ ಕಂಡದ್ದೇ ಮೈ ಸೆಟೆದು, ಉಸಿರು ಸಿಕ್ಕಿಕೊಂಡು, ಕುರ್ಚಿಯ ಸಮೇತ ಹಿಂದಕ್ಕೆ ಬೀಳುವಂತಾದಳು. ತಮ್ಮ ಬೆಂದದ್ದನ್ನು ಕಣ್ಣಾರೆ ನೋಡಿದ್ದಾಳೆ, ಭಯ ಹೊಕ್ಕಿದೆ ಎಂದುಕೊಂಡೆ. ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಮೊದಲು ದೂರದಿಂದ ತೋರಿಸುವುದು, ಆಮೇಲೆ ಹತ್ತಿರ, ಆಮೇಲೆ ಒಂದು ಹನಿ. ಅದನ್ನೇ ಮಾಡತೊಡಗಿದೆ. ಪ್ರತಿ ಸಲವೂ ಅವಳು ಮುಷ್ಟಿಯನ್ನು ಎಳೆದು ತಂದು ಒಂದು ಚಿತ್ರ ತೋರಿಸುತ್ತಿದ್ದಳು: ಕಟ್ಟು.

ಗಾಲಿಕುರ್ಚಿಯಲ್ಲಿ ಪಾದ ಜಾರದಂತೆ ಹಾಕುವ ಪಟ್ಟಿಗಾಗಿ ಆ ಚಿತ್ರವನ್ನು ಮಾಡಿದ್ದೆವು. ಮೊದಲೆಲ್ಲಾ ಪಟ್ಟಿ ಬಿಚ್ಚು ಎಂದು ಜಗಳ ತೆಗೆಯುತ್ತಿದ್ದವಳು ಈಗ ಕಟ್ಟು ಎಂದು ಕೇಳುತ್ತಿದ್ದಳು. ಕಟ್ಟಿದರೆ ಇನ್ನೂ ಬಿಗಿಯಾಗಿ ಕಟ್ಟು ಎಂದು ಮತ್ತೆ ತೋರಿಸುತ್ತಿದ್ದಳು. ಕೆಲವು ಮಕ್ಕಳಿಗೆ ಮೈಮೇಲೆ ಬಿಗಿ ಒತ್ತಡವಿದ್ದರೆ ಸಮಾಧಾನ ಆಗುತ್ತದೆ, ಅದೊಂದು ಸೆನ್ಸರಿ ಅಗತ್ಯ ಎಂದು ನಾನು ಸವಿತಳಿಗೆ ವಿವರಿಸಿದೆ. ಮನೆಯಲ್ಲೂ ಕಟ್ಟಿ ಎಂದೆ. ಆ ತಾಯಿ ಹಳೆ ಸೀರೆ ಹರಿದು ಮಗಳ ಎರಡೂ ಕಾಲನ್ನು ಕಟ್ಟುತ್ತಿದ್ದಳು, ನಾನು ಹೇಳಿದ್ದಕ್ಕೆ.

ಇನ್ನೊಂದು ಮಾತನ್ನು ಅವಳು ಬಿಡದೆ ಹೇಳುತ್ತಿದ್ದಳು. ಅಜ್ಜಿಯ ಚಿತ್ರ, ಆಮೇಲೆ ‘ಇಲ್ಲ’, ಆಮೇಲೆ ‘ನಾನು’.

ಅಜ್ಜಿ ಇಲ್ಲ ನಾನು.

“ಹೌದು ಪುಟ್ಟಿ, ಅಜ್ಜಿ ಮನೇಲಿಲ್ಲ, ನೀನೊಬ್ಬಳೇ ಆಗಿದ್ದೀಯ ಅಲ್ವಾ? ಬೇಜಾರಾಗತ್ತೆ. ಅಜ್ಜಿ ಬರ್ತಾರೆ,” ಎಂದು ನಾನು ತಲೆ ಸವರುತ್ತಿದ್ದೆ. ಅವಳು ಕಣ್ಣು ಮೇಲೆತ್ತುತ್ತಿರಲಿಲ್ಲ. ಮತ್ತೆ ಅದೇ ಮೂರು ಚಿತ್ರ ತೋರಿಸುತ್ತಿದ್ದಳು. ನಾನು ಮತ್ತೆ ಅದೇ ಸಮಾಧಾನ ಹೇಳುತ್ತಿದ್ದೆ. ಕೊನೆಗೆ ಮುಷ್ಟಿ ಸಡಿಲಿಸಿ ತಲೆಯನ್ನು ಕುರ್ಚಿಯ ಬದಿಗೆ ಒರಗಿಸಿಬಿಡುತ್ತಿದ್ದಳು. ದಣಿದಿದ್ದಾಳೆ, ಇವತ್ತಿಗೆ ಸಾಕು ಎಂದು ನಾನು ಫಲಕ ಎತ್ತಿಡುತ್ತಿದ್ದೆ. ಇದು ವಾರಗಟ್ಟಲೆ ನಡೆಯಿತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ನಸ್ರೀನ್ ಮಕ್ಕಳಿಗೆ ಊಹೆಯ ಆಟ ಆಡಿಸುತ್ತಿದ್ದಳು. ವಸ್ತುವನ್ನು ಟವೆಲ್ಲಿನ ಕೆಳಗಿಟ್ಟು ಮುಟ್ಟಿಸುವುದು, ಇದು ಇಂಥದ್ದಾ ಎಂದು ಕೇಳುವುದು. ಟವೆಲ್ಲಿನ ಕೆಳಗೆ ಕಡಲೆಕಾಯಿ ಇತ್ತು. “ಇದು ಅವರೆಕಾಯಾ?” ಎಂದು ಟ್ಯಾಬ್ ಬಳಸುವ ಒಬ್ಬ ಹುಡುಗನನ್ನು ಕೇಳಿದಳು. ಅವನು ಟ್ಯಾಬ್ ಮುಟ್ಟಿದ. ಅದು “ಇಲ್ಲ” ಎಂದಿತು.

ನಸ್ರೀನ್ ನಕ್ಕಳು. “ಇಲ್ಲ ಅಂದ್ರೆ? ಎಲ್ಲಾ ತಿಂದು ಖಾಲಿ ಮಾಡ್ಬುಟ್ಯಾ? ಅಲ್ಲ ಅನ್ನಬೇಕು ಕಣೋ.” ಹಾಗೆ ಹೇಳಿದವಳು ಅವನ ಟ್ಯಾಬಿನಲ್ಲಿ ಹುಡುಕಿದಳು. ಆಮೇಲೆ ಗೋಡೆಗೆ ತೂಗುಹಾಕಿದ್ದ ಫಲಕಗಳನ್ನೆಲ್ಲಾ ನೋಡಿ ನನ್ನ ಕಡೆ ತಿರುಗಿದಳು. “ಮೇಡಂ, ‘ಅಲ್ಲ’ ಎಲ್ಲಿ?”

ಎಲ್ಲಿಯೂ ಇರಲಿಲ್ಲ. ನಮ್ಮ ಚಿತ್ರಗಳು ಬಂದದ್ದು ಇಂಗ್ಲಿಷಿನ ಒಂದು ಸಿದ್ಧ ಚಿತ್ರಸಂಗ್ರಹದಿಂದ. ಅದರಲ್ಲಿ ‘ನೋ’ ಎಂಬುದಕ್ಕೆ ಒಂದೇ ಚಿತ್ರ. ಅದರ ಕೆಳಗೆ ನಾನೇ ಕೈಯಾರೆ ‘ಇಲ್ಲ’ ಎಂದು ಬರೆದಿದ್ದೆ. ಬೇಡ ಎಂಬುದನ್ನು ಬೇರೆ ಮಾಡಿದ್ದೆವು, ಏಕೆಂದರೆ ಮಕ್ಕಳು ಏನನ್ನು ಬೇಡ ಅನ್ನುತ್ತಾರೆ ಎಂಬುದು ನಮಗೆ ಬೇಕಾಗಿತ್ತು. ಅಲ್ಲ ಎಂಬುದರ ಅಗತ್ಯ ನಮಗೆ ಬಿದ್ದಿರಲಿಲ್ಲ. ಮೂರು ವರ್ಷದ ಮಗು ಕೂಡ ಆಡುವ ಪದ. ಅದಿಲ್ಲದೆ ಈ ಮಕ್ಕಳು ಇಷ್ಟು ಕಾಲ ಕನ್ನಡ ಮಾತಾಡಿದ್ದರು.

ಅಲ್ಲೇ ಒಂದು ಕಾಗದದಲ್ಲಿ ಅಡ್ಡಗೀಟು ಹಾಕಿದ ಮಾವಿನ ಹಣ್ಣು, ಅದರ ಪಕ್ಕ ಬಾಳೆಹಣ್ಣು ಬರೆದು, ಕೆಳಗೆ ‘ಅಲ್ಲ’ ಎಂದು ಬರೆದೆ. ಎಲ್ಲರ ಫಲಕಕ್ಕೂ ಒಂದೊಂದು ಅಂಟಿಸಿದೆವು. ಪಲ್ಲವಿಯ ಫಲಕದಲ್ಲಿ ‘ಇಲ್ಲ’ದ ಪಕ್ಕದಲ್ಲೇ ಜಾಗವಿತ್ತು. ಅವಳ ಅಂಗೈಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ತಾಗಿಸಿ “ಇದು ಕಲ್ಲಾ?” ಎಂದೆ. ಅವಳು ಹೊಸ ಚಿತ್ರವನ್ನು ಒಂದು ಗಳಿಗೆ ದಿಟ್ಟಿಸಿದಳು. ಮುಷ್ಟಿ ಎಳೆದು ಅದರ ಮೇಲೆ ಊರಿದಳು. ಅಲ್ಲ.

“ಇದು ಮೊಸರಾ?” ಅಲ್ಲ. “ಇದು ನಸ್ರೀನ್ ಮಿಸ್ಸಾ?” ಅಲ್ಲ. ಆ ಚಳಿಗಾಲದಲ್ಲಿ ಮೊದಲ ಸಲ ಅವಳು ನಕ್ಕದ್ದನ್ನು ಕಂಡೆ. ನಾನು ಇನ್ನೊಂದು ಪ್ರಶ್ನೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳ ನಗು ನಿಂತಿತು. ಮುಷ್ಟಿ ಫಲಕದ ಮೇಲೆ ಮೆಲ್ಲಗೆ ಜರುಗಿತು. ಅಜ್ಜಿಯ ಚಿತ್ರಕ್ಕೆ ಹೋಯಿತು. ಅಲ್ಲಿಂದ ‘ಅಲ್ಲ’ಕ್ಕೆ ಬಂತು. ಆಮೇಲೆ ‘ನಾನು’.

“ಅಜ್ಜಿ ಇಲ್ಲ ಅಂತ…” ಎಂದು ಅಭ್ಯಾಸಬಲದಿಂದ ಶುರುಮಾಡಿದವಳು ನಾನು ಅರ್ಧಕ್ಕೆ ನಿಂತೆ. ನನ್ನ ಕೈಯಲ್ಲಿದ್ದ ಎಣ್ಣೆ ಕರಗಿ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಮತ್ತೊಮ್ಮೆ ತೋರಿಸಿದಳು.

ಅಜ್ಜಿ ಅಲ್ಲ. ನಾನು.

ಮಗುವಿನ ಬಾಯಿಗೆ ನಮ್ಮ ಮಾತು ತುರುಕಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದಕ್ಕೆ ಬಿಸಿನೀರಿನ ಹೆಸರು ಎತ್ತದೆ ಕೇಳಿದೆ: “ಅಜ್ಜಿ ಅಲ್ಲ, ನೀನು. ಏನು ಮಾಡ್ದೆ?” ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಹಿಡಿಯಿತು. ಕಾಲು. ನೀರು. ಬಿಸಿ. ತಮ್ಮ. ಅಷ್ಟಾದ ಮೇಲೆ ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೆ. ಯಾಕಿರಬಾರದು? ಕೊನೆಯದಾಗಿ ಇನ್ನೊಂದು ಚಿತ್ರ ತೋರಿಸಿದಳು. ಕಟ್ಟು.

ಆಮೇಲೆ ಮನೆಯವರಿಂದ ತಿಳಿದದ್ದನ್ನೂ ಸೇರಿಸಿದರೆ ನಡೆದದ್ದು ಇಷ್ಟು: ಚಳಿಗೆ ಮೈ ಕಾಯಿಸಿಕೊಳ್ಳಲೆಂದು ಅಜ್ಜಿ ಅವಳ ಕುರ್ಚಿಯನ್ನು ಬಚ್ಚಲ ಒಲೆಯ ಹತ್ತಿರ ಇಟ್ಟಿದ್ದಳು. ಪಾದದ ಪಟ್ಟಿ ಹಾಕಿರಲಿಲ್ಲ. ಅಜ್ಜಿ ಅತ್ತ ತಿರುಗಿದಾಗ ಕಾಲು ತಾನಾಗಿ ಸೆಟೆದು ಚಾಚಿತು, ಬಕೆಟ್ಟಿಗೆ ತಾಗಿತು. ಆಮೇಲೆ ತಮ್ಮ ಕಿರುಚಿದ, ಅಜ್ಜಿ ಬೈಸಿಕೊಂಡಳು, ಅಜ್ಜಿ ಹೋದಳು. ನಡೆದದ್ದು ಗೊತ್ತಿದ್ದವಳು ಇವಳೊಬ್ಬಳೇ. ಅಂದಿನಿಂದ ಹೇಳಲು ನೋಡುತ್ತಿದ್ದಾಳೆ. ಕಾಲು ಕಟ್ಟಿ ಎಂದು ಬೇಡುತ್ತಿದ್ದಾಳೆ, ಮತ್ತೆ ಯಾರಿಗೂ ತಾಗದಿರಲಿ ಎಂದು. ಅದಕ್ಕೆ ನಾನು ಸೆನ್ಸರಿ ಅಗತ್ಯ ಎಂದು ಹೆಸರಿಟ್ಟಿದ್ದೆ. ಪಶ್ಚಾತ್ತಾಪ ಪಡುವವಳ ಮುಂದೆ ವಾರಕ್ಕೆರಡು ಸಲ ಬಿಸಿನೀರಿನ ಟಬ್ಬು ತಂದಿಡುತ್ತಿದ್ದೆ.

“ನಿಂದೇನೂ ತಪ್ಪಿಲ್ಲ ಪುಟ್ಟಿ, ನಿಂದೇನೂ ತಪ್ಪಿಲ್ಲ,” ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ಕಷ್ಟಪಟ್ಟು ಹೇಳಿದ್ದನ್ನು ನಾನು ಒಂದೇ ಮಾತಿನಲ್ಲಿ ಒರೆಸಿಹಾಕಿದೆ ಎಂದು ಆಗ ತಿಳಿಯಲಿಲ್ಲ.

ಅಮ್ಮನಿಗೆ ನಾನು ಹೇಳಲಾ, ನೀನೇ ಹೇಳ್ತೀಯಾ ಎಂದು ಕೇಳಿದೆ. ‘ನಾನು’ ಎಂದು ತೋರಿಸಿದಳು.

ಸವಿತ ಹೊರಗಿನ ಜಗಲಿಯಲ್ಲಿ ಚಿಂಟುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸಿಲು ಕಾಯಿಸುತ್ತಿದ್ದಳು. ಒಳಗೆ ಕರೆದೆ. ಫಲಕದ ಮುಂದೆ ಕೂರಿಸಿದೆ.

“ಏನ್ ಮಿಸ್, ಏನಾರ ಗಲಾಟೆ ಮಾಡುದ್ಲಾ?”

“ಇಲ್ಲ. ನಿಮಗೇನೋ ಹೇಳಬೇಕಂತೆ. ನೀವೇ ಓದಿ.”

ಸವಿತ ಒಂದೊಂದೇ ಪದವನ್ನು ಜೋರಾಗಿ ಓದಿದಳು, ಶಾಲೆಯ ಮಗುವಿನ ಹಾಗೆ. ಅಜ್ಜಿ. ಅಲ್ಲ. ನಾನು. ಕಾಲು. ನೀರು. ಬಿಸಿ. ತಮ್ಮ. ಮಗಳ ಕಾಲನ್ನು ನೋಡಿದಳು. ಅವಳೇ ಬೆಳಗ್ಗೆ ಸೀರೆಯ ಅಂಚಿನಿಂದ ಕಟ್ಟಿದ್ದ ಗಂಟು ಹಾಗೇ ಇತ್ತು.

“ಮಿಸ್, ಇಷ್ಟ್ ದಿನ ಇದ್ನೇ ಏಳ್ತಿದ್ಲಾ ಇವ್ಳು?”

ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. “ಹೌದು ಸವಿತ. ಹೇಳೋಕೆ ಬೇಕಾದ ಪದ ನಾನು ಕೊಟ್ಟಿರಲಿಲ್ಲ.”

ಅವಳು ನನ್ನ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. “ಮನೇಲೂ ಇದ್ನೇ ತೋರುಸ್ತಿದ್ಲು. ಯಾವಾಗ್ ನೋಡುದ್ರೂ ಅಜ್ಜಿ ಅಜ್ಜಿ ಅಂತೀಯ, ನಾನೇನ್ ಸತ್ತೋಗಿದ್ದಿನಾ ಅಂತ ಬೋಲ್ಡನ್ನೇ ಕಿತ್ತು ಅಟ್ಟದ್ ಮ್ಯಾಲೆ ಮಡುಗ್ಬುಟ್ಟಿದ್ದೆ ಮಿಸ್. ಎರಡ್ ಮೂರ್ ದಿನ ಕೊಡ್ನೇ ಇಲ್ಲ.” ಬೋಲ್ಡು ಎಂದರೆ ಫಲಕ, ಅವಳು ಅದನ್ನು ಹಾಗೆ ಕರೆಯುತ್ತಿದ್ದಳು. ಸವಿತ ಮತ್ತೆ ಅಂದಳು: “ಅತ್ತೇಗೆ ಏನೇನ್ ಅಂದ್ಬುಟ್ಟೆ ನಾನು. ನಿಮ್ ಕಣ್ಣು ಓಗದೆ, ಮಕ್ಳ ಸಾಕಾಕೆ ಲಾಯಕ್ಕಿಲ್ಲ ಅಂದೆ. ಎಲ್ರ ಎದ್ರುಗೆ. ಅವ್ರು ಒಂದ್ ಮಾತೂ ಆಡ್ನಿಲ್ಲ.”

ಚಿಂಟು ಅಮ್ಮನ ಸೆರಗು ಎಳೆಯುತ್ತಾ ಬೆಲ್ಲ ಕೊಡು ಎಂದು ರಂಪ ಮಾಡುತ್ತಿದ್ದ. ಪಲ್ಲವಿ ಅವನ ಕಾಲನ್ನೇ ನೋಡುತ್ತಿದ್ದಳು.

ಮದ್ದೂರಿಗೆ ಹೋಗಬೇಕು, ನೀವೂ ಬನ್ನಿ ಎಂದು ಸವಿತ ಕೇಳಿಕೊಂಡಳು. “ನಾನೊಬ್ಳೇ ಓದ್ರೆ ನಮ್ ನಾದಿನಿ ಬಾಗ್ಲು ತಗ್ಯಾಕಿಲ್ಲ.” ಮನೆ ವಿಚಾರದಲ್ಲಿ ಥೆರಪಿಸ್ಟರು ತಲೆಹಾಕಬಾರದು ಎಂದು ನನ್ನೊಳಗೆ ಒಂದು ಬುದ್ಧಿ ಹೇಳುತ್ತಿತ್ತು. ಆದರೆ ಅವಳ ಮನೆಯಲ್ಲಿ ಆದದ್ದರಲ್ಲಿ ನನ್ನ ಪಾಲೂ ಇತ್ತು. ಆ ಭಾನುವಾರ ಹೋದೆ.

ಕೆಂಪಮ್ಮನ ಮಗಳ ಮನೆ ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ಆಟೋದಿಂದ ಪಲ್ಲವಿಯನ್ನು ಸವಿತ ಸೊಂಟದ ಮೇಲೆ ಎತ್ತಿಕೊಂಡಳು. ನಾನು ಫಲಕ ಹಿಡಿದುಕೊಂಡೆ. ಮುದುಕಿ ಜಗಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೆಜ್ಜೆ ಸದ್ದಿಗೆ ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿ, ಯಾರೆಂದು ಗುರುತು ಹತ್ತಿದ್ದೇ ಮೊರ ಪಕ್ಕಕ್ಕೆ ಸರಿಸಿದಳು. “ಬಾ ನನ್ ಕೂಸೇ,” ಎಂದು ಪಲ್ಲವಿಯನ್ನು ಮಡಿಲಿಗೆ ಹಾಕಿಕೊಂಡಳು. ಸೊಸೆಯ ಕಡೆ ನೋಡಲಿಲ್ಲ.

ಪಲ್ಲವಿ ಕಾಯಲಿಲ್ಲ. ಫಲಕ ತೋರಿಸು ಎಂದು ನನ್ನ ಕಡೆ ಕಣ್ಣು ಹೊರಳಿಸಿದಳು. ಕೆಂಪಮ್ಮನಿಗೆ ಓದಲು ಬರುವುದಿಲ್ಲ, ಚಿತ್ರಗಳ ಪರಿಚಯವಿತ್ತು. ಹೊಸ ಚಿತ್ರದ ಅರ್ಥವನ್ನು ನಾನು ಹೇಳಿದೆ. ಮೊಮ್ಮಗಳು ಹೇಳುವುದೆಲ್ಲವನ್ನೂ ಮುದುಕಿ ನೋಡಿದಳು. ಆಮೇಲೆ ನನ್ನ ಮೇಲೆ ಎಗರಿಬಿದ್ದಳು.

“ಓದಿರೋ ಎಣ್ಣು ನೀನು, ನಿಂಗೆ ನ್ಯಾಯ ನೀತಿ ಇಲ್ವೇನವ್ವ? ಮಾತ್ ಬರ್ದಿರೋ ಮಗೀನ ತಲೆ ಮ್ಯಾಲೆ ತಪ್ಪು ಒರ್ಸಾಕೆ ಇದ್ನ ಮಾಡಿದ್ದೀಯಾ? ಯಾರ್ ಏಳ್ಕೊಟ್ರು? ಇವ್ಳಾ?” ಎಂದು ಸವಿತಳ ಕಡೆ ಕೈ ತೋರಿಸಿದಳು.

“ನಾನಲ್ಲ ಅತ್ತೆ, ಅವ್ಳೇ ಏಳಿದ್ದು. ಆಣೆಗೂ ಅವ್ಳೇ,” ಎಂದು ಸವಿತ ಅಳತೊಡಗಿದಳು. ಮೊಮ್ಮಗಳಿಗೆ ಪದ ಕೊಡದೆ ಇದ್ದದ್ದಕ್ಕೆ ಬೈಸಿಕೊಳ್ಳಬೇಕಾಗಿದ್ದ ನಾನು ಕೊಟ್ಟದ್ದಕ್ಕೆ ಬೈಸಿಕೊಳ್ಳುತ್ತಿದ್ದೆ. ಎರಡರಲ್ಲೂ ಆ ಹೆಂಗಸಿನ ಕಡೆಯೇ ನ್ಯಾಯ ಇತ್ತು ಅನ್ನಿಸಿತು.

ಜಗಳ ಇನ್ನೂ ಬೆಳೆಯುತ್ತಿತ್ತೇನೋ. ಆದರೆ ಪಲ್ಲವಿ ಅಜ್ಜಿಯ ಮಡಿಲಲ್ಲಿ ಒದ್ದಾಡಿ, ಕೊಸರಿ, ಮುಷ್ಟಿಯನ್ನು ಮತ್ತೆ ಫಲಕಕ್ಕೆ ತಂದಳು. ನಾನು. ನಾನು. ನಾನು. ಅದೊಂದೇ ಚಿತ್ರವನ್ನು ಗುದ್ದಿದಳು.

ಕೆಂಪಮ್ಮ ತಣ್ಣಗಾದಳು. ಎಲ್ಲರಂತೆ ಅವಳೂ ನಿಂದೇನಿಲ್ಲ ಬುಡು ಅನ್ನುತ್ತಾಳೆ ಎಂದುಕೊಂಡೆ. ಸವಿತ ಆ ವಾರವೆಲ್ಲಾ ಮಗಳಿಗೆ ಅದನ್ನೇ ಹೇಳಿದ್ದಳು. ಹೇಳಿದಷ್ಟು ಸಲವೂ ಪಲ್ಲವಿ ಮುಖ ತಿರುಗಿಸಿದ್ದಳು, ಅನ್ನ ಮುಟ್ಟಿರಲಿಲ್ಲ.

ಮುದುಕಿ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ಊ ಕಣವ್ವ. ನಿನ್ ಕಾಲು ತಾಕ್ತು. ಬಕೀಟು ಉಳ್ಳೋಯ್ತು. ನಾನ್ ಕಾಣ್ನಿಲ್ಲ, ನೀನ್ ಕಂಡೆ. ನೀನ್ ಏಳೋದು ದಿಟ. ಆದ್ರೆ ನಿನ್ ಕಾಲು ನಿನ್ ಮಾತು ಕೇಳಾಕಿಲ್ಲ ಅಂತ ನಂಗೊತ್ತಿತ್ತಾ ಇಲ್ವಾ? ಒಂಬತ್ ವರ್ಸದಿಂದ ಗೊತ್ತು. ಗೊತ್ತಿದ್ದೂ ಅದ್ರ ತಾವ ಬಕೀಟು ಮಡಗ್ದೋಳು ಯಾರು? ನಾನು. ನಿಂದೂ ಅದೆ, ನಂದೂ ಅದೆ. ಇಬ್ರೂ ಸೇರಿ ಮಾಡ್ದೋ. ನೀನೊಬ್ಳೇ ಒತ್ಕಬ್ಯಾಡ.”

ಪಲ್ಲವಿ ಕಣ್ಣನ್ನು ಮೇಲಕ್ಕೆತ್ತಿದಳು. ಹೌದು. ಅಷ್ಟು ವಾರಗಳಲ್ಲಿ ಈ ವಿಷಯದಲ್ಲಿ ಅವಳು ಹೌದು ಎಂದದ್ದು ಅದೇ ಮೊದಲು. ಬಿಗಿ ಹಿಡಿದಿದ್ದ ಮೈ ನಿಧಾನವಾಗಿ ಅಜ್ಜಿಯ ಎದೆಗೆ ಒರಗಿತು.

“ಮನೇಗ್ ಬನ್ನಿ ಅತ್ತೆ,” ಎಂದಳು ಸವಿತ, ಅಂಗಳದಲ್ಲೇ ನಿಂತು. “ನಾನ್ ಅಂದಿದ್ದು ತಪ್ಪಾಯ್ತು.”

ಕೆಂಪಮ್ಮ ಆಗಲೂ ಅವಳ ಕಡೆ ಪೂರ್ತಿ ತಿರುಗಲಿಲ್ಲ. “ಈಗ್ಲೇ ಬರಾಕಿಲ್ಲ. ನೀ ಅಂದಿದ್ರಲ್ಲಿ ಸುಳ್ಳೇನಿಲ್ಲ ಕಣ್ ಸವಿತ, ಕಣ್ಣು ಮಂಜಾಗದೆ. ಎದ್ರುಗ್ ಬಂದೋರ ಮುಖ ಕಾಣಾಕಿಲ್ಲ. ಏಳುದ್ರೆ ಅಡ್ಗೆ ಮನೆ ಬುಡುಸ್ತೀಯ ಅಂತ ಏಳಿರ್ನಿಲ್ಲ. ಆಪ್ರೇಸನ್ ಮಾಡುಸ್ಕಂಡು ಬತ್ತೀನಿ.” ಮತ್ತೆ ಮೊರ ಎಳೆದುಕೊಂಡು, “ನಿಂತೇ ಇದ್ದೀರಲ್ಲ, ಕೂತ್ಕಳಿ. ಕಾಯಿ ಸುಲೀರಿ,” ಎಂದಳು. ನಾವಿಬ್ಬರೂ ಕೂತು ಸುಲಿದೆವು.

ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅವಳು ಶಿವರಾತ್ರಿ ಹೊತ್ತಿಗೆ ಹಳ್ಳಿಗೆ ಬಂದಳು. ಸವಿತಳಿಗೆ ಹಳೆಯ ಗಾರ್ಮೆಂಟ್ಸಿನಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಅತ್ತೆ ಸೊಸೆ ಮೊದಲಿನಂತೆ ಆದರು ಎಂದು ಹೇಳಲಾರೆ. ಮಾತಾಡುತ್ತಾರೆ, ಅಳೆದು ತೂಗಿ ಮಾತಾಡುತ್ತಾರೆ.

ಪಲ್ಲವಿಗೆ ಇನ್ನೊಂದು ಕೆಲಸ ಉಳಿದಿತ್ತು. ಚಿಂಟು ಕೊಠಡಿಗೆ ಬಂದಾಗಲೆಲ್ಲಾ ಅವಳು ಫಲಕದ ಮೇಲೆ ಮುಷ್ಟಿ ಅಲೆದಾಡಿಸಿ, ಏನೋ ಹುಡುಕಿ, ಸಿಗದೆ ನಿಲ್ಲಿಸುತ್ತಿದ್ದಳು. ಈ ಸಲ ನಾನು ಊಹೆ ಮಾಡಲಿಲ್ಲ. ಯಾವ ಪದ ಬೇಕು ಎಂದು ಬಹಳ ಹೊತ್ತು, ಒಂದೊಂದನ್ನೇ ಕೇಳುತ್ತಾ ಹೋದೆ. ‘ಸಾರಿ’ಯಾ ಎಂದೆ. ಅಲ್ಲ ಎಂದಳು. ‘ತಪ್ಪಾಯ್ತು’ ಎಂದಾಗ ಕಣ್ಣು ಮೇಲೆ ಹೋಯಿತು. ಅವರ ಮನೆಯಲ್ಲಿ ಸಾರಿ ಎಂದು ಯಾರೂ ಅನ್ನುವುದಿಲ್ಲವಲ್ಲ. ದೇವರ ಮುಂದೆ ನಿಂತು ಎರಡೂ ಕೆನ್ನೆ ತಟ್ಟಿಕೊಳ್ಳುವ ಹುಡುಗಿಯ ಚಿತ್ರವನ್ನು ನಸ್ರೀನ್ ಬರೆದುಕೊಟ್ಟಳು. ಪಲ್ಲವಿಯ ಕೈಗಳು ಅವಳ ಕೆನ್ನೆಯವರೆಗೆ ಬರುವುದಿಲ್ಲ. ಚಿತ್ರದ ಹುಡುಗಿ ಅವಳ ಪರವಾಗಿ ತಟ್ಟಿಕೊಂಡಳು. ಚಿಂಟುವಿಗೆ ಅದನ್ನು ತೋರಿಸಿ ‘ಅಕ್ಕ ತಪ್ಪಾಯ್ತು ಅಂತಿದ್ದಾಳೆ’ ಎಂದು ನಾವು ಓದಿ ಹೇಳಿದೆವು. ಅವನು ಚಡ್ಡಿ ಮೇಲೆತ್ತಿ ಕಲೆ ನೋಡಿಕೊಂಡು, “ಉರಿ ಓಯ್ತು ಅಕ್ಕ,” ಎಂದ. ಅವಳ ತಟ್ಟೆಯಲ್ಲಿದ್ದ ಬೆಲ್ಲ ಎತ್ತಿಕೊಂಡು ಓಡಿದ.

ಕಾಲು ಕಟ್ಟಿಸಿಕೊಳ್ಳುವುದನ್ನು ಅವಳು ಬಿಡಲು ಮತ್ತೊಂದು ವರ್ಷ ಹಿಡಿಯಿತು. ಈಗಲೂ ಎಲ್ಲಿಂದಾದರೂ ಸೌದೆಯ ಹೊಗೆ ವಾಸನೆ ಬಂದರೆ ಆ ಚಿತ್ರದ ಕಡೆ ಕೈ ಹೋಗುತ್ತದೆ. ಕಟ್ಟುವುದಿಲ್ಲ ಎಂದು ಯಾರೂ ವಾದಿಸುವುದಿಲ್ಲ. ಮಗ್ಗುಲಲ್ಲಿ ಕೂತು, ಎದುರಿಗೆ ಏನೂ ಇಲ್ಲ ಎಂದು ತೋರಿಸುತ್ತೇವೆ.

ಈ ಪ್ರಕರಣ ನನಗೆ ಕಲಿಸಿದ್ದು ದೊಡ್ಡ ಸಿದ್ಧಾಂತವೇನೂ ಅಲ್ಲ. ನಾವು ಈ ಮಕ್ಕಳಿಗೆ ಕೇಳಿಕೊಳ್ಳುವ ಪದಗಳನ್ನು ಕೊಡುತ್ತೇವೆ. ನೀರು ಬೇಕು, ಊಟ ಬೇಕು, ಇದು ಬೇಡ. ಚಳಿಗಾಲ ಬಂದರೆ ಬಿಸಿ, ತಣ್ಣಗೆ. ಅವರಿಗೂ ನಡೆದದ್ದನ್ನು ಹೇಳಬೇಕಿರುತ್ತದೆ, ನೀವು ತಿಳಿದದ್ದು ತಪ್ಪು ಅನ್ನಬೇಕಿರುತ್ತದೆ, ಮಾಡಿದ್ದನ್ನು ಒಪ್ಪಿಕೊಳ್ಳಬೇಕಿರುತ್ತದೆ. ಅವರ ಮನಸ್ಸಿನಲ್ಲಿ ಅಷ್ಟೆಲ್ಲಾ ಇರಬಹುದೆಂದು ನಾನು ಎಣಿಸಿರಲಿಲ್ಲ. ಈಗ ಹೊಸ ಫಲಕ ಮಾಡುವಾಗ ಮೊದಲು ಅಂಟಿಸುವುದು ‘ಅಲ್ಲ’. ಆಮೇಲೆ ‘ತಪ್ಪಾಯ್ತು’. ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಇದನ್ನೇ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ.

ಪಲ್ಲವಿಗಿಂತ ಮುಂಚೆ ನನ್ನ ಹತ್ತಿರ ಎಷ್ಟೋ ಮಕ್ಕಳು ಬಂದು ಹೋಗಿದ್ದಾರೆ. ಅವರಲ್ಲಿ ಮಂಡ್ಯದ ಹೊರಗಿನ ವಿ.ಸಿ. ಫಾರಂ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ, ಕೂಲಿ ಕೆಲಸದವರ ಮಗ. ತೋಳಿನ ಮೇಲೆ ಒಮ್ಮೆ ಕಂದುಗಟ್ಟಿದ ಗುರುತು ಇತ್ತು. ಆಟವಾಡುವಾಗ ಬಿದ್ದ ಎಂದು ಮನೆಯವರು ಹೇಳಿದ್ದರು. ಬಿದ್ದೆಯಾ ಪುಟ್ಟ ಎಂದು ನಾನು ಕೇಳಿದಾಗ ಅವನು ತನ್ನ ಫಲಕದಲ್ಲಿ ‘ಇಲ್ಲ’ ತೋರಿಸಿದ್ದ. ಆಮೇಲೆ ‘ಅಪ್ಪ’ ತೋರಿಸಿದ್ದ. ಅಪ್ಪ ಮನೆಯಲ್ಲಿ ಇಲ್ಲವಾ, ಸಂಜೆ ಬರ್ತಾರೆ ಬಿಡು ಎಂದು ನಾನು ಅವನ ತಲೆ ಸವರಿದ್ದೆ. ಅಪ್ಪನನ್ನು ನೆನೆಸಿಕೊಂಡನೋ, ಬೇರೇನನ್ನೋ ಹೇಳಿದನೋ ನನಗೆ ಗೊತ್ತಿಲ್ಲ. ಆ ಕುಟುಂಬ ಬೇರೆ ಊರಿಗೆ ಹೋಗಿ ವರ್ಷಗಳಾದವು. ಅವರು ಕೊಟ್ಟಿದ್ದ ಫೋನ್ ನಂಬರಿಗೆ ನಾನು ಬಹಳ ಸಲ ಮಾಡಿದ್ದೇನೆ. ಈಗ ಅದು ಬೇರೆ ಯಾರದ್ದೋ ಆಗಿದೆ.